ವೈರಸ್‌ಗೆ ಕಿವಿಯಿಲ್ಲ

ಪೊಲೀಸ್ ಕೆಲಸ ಸಿಕ್ಕಿದ ದಿನ ಅವಳು ಅಮ್ಮನಿಗೆ ಒಂದು ಮಾತು ಕೊಟ್ಟಿದ್ದಳು.

ಸಮವಸ್ತ್ರ ಇನ್ನೂ ದರ್ಜಿಯ ಹತ್ತಿರವೇ ಇತ್ತು. ಅಮ್ಮ ಬಾಗಿಲ ಪಕ್ಕದ ಚಪ್ಪಲಿ ಗೂಡನ್ನು ತೋರಿಸಿ ಹೇಳಿದ್ದಳು: “ನಿನ್ನ ಪೊಲೀಸ್‌ಗಿರಿ ಇಲ್ಲೇ ಬಿಚ್ಚಿಟ್ಟು ಒಳಗೆ ಬಾ. ಮನೆಯವರನ್ನೇ ಎದುರಿಗೆ ನಿಲ್ಲಿಸ್ಕೊಂಡು ವಿಚಾರಣೆ ಮಾಡೋ ದಿನ ಬಂದ್ರೆ ಅದು ಮನೆಯಲ್ಲ, ಠಾಣೆ. ಮಾಡಲ್ಲ ಅನ್ನು.”

“ಮಾಡಲ್ಲಮ್ಮ.”

ಅಂದಿನಿಂದ ಮಾಡಿರಲಿಲ್ಲ. ಸೋದರಮಾವ ಪಕ್ಕದ ಮನೆಯ ಏಣಿ ತಂದಿಟ್ಟುಕೊಂಡು ಅದು ತನ್ನದೇ ಎಂದು ವರ್ಷಗಟ್ಟಲೆ ಸಾಧಿಸಿದಾಗಲೂ ತುಟಿ ಪಿಟಕ್ಕೆನ್ನಲಿಲ್ಲ. ಹೊಸಲಿನ ಆಚೆ ಸೈಬರ್ ಠಾಣೆಯ ಇನ್‌ಸ್ಪೆಕ್ಟರ್. ಈಚೆ ಅಮ್ಮನ ಎರಡನೆಯ ಮಗಳು, ಅಷ್ಟೇ.

ಆ ದಿನ ಬೆಳಿಗ್ಗೆ ಮಗನ ಒಂದು ಕಾಲಿನ ಸಾಕ್ಸ್ ಸಿಗದೆ ಮಂಚದಡಿ ತೂರಿದ್ದಳು. ಫೋನ್ ಹೊಡೆದುಕೊಂಡಿತು. ಅಕ್ಕನ ಮಗಳು.

“ಚಿಕ್ಕಮ್ಮ, ಅಮ್ಮನ ಹಾಡೆಲ್ಲ ಹೋಯ್ತು.” ಬಿಕ್ಕಳಿಕೆ. “ನನ್ನಿಂದಲೇ ಹೋಗಿದ್ದು.”

* * *

ಅಕ್ಕ ಹಾಡುಗಾರ್ತಿ. ಅಲ್ಲ, ಹಾಡುಗಾರ್ತಿಯಾಗಿದ್ದಳು.

ಗಂಟಲಲ್ಲಿ ಗಡ್ಡೆ ಕಂಡಾಗ ವೈದ್ಯರು ಸುತ್ತಿ ಬಳಸಿ ಹೇಳಲಿಲ್ಲ. ಶಸ್ತ್ರಚಿಕಿತ್ಸೆಯಾದರೆ ಜೀವ ಉಳಿಯುತ್ತದೆ, ಹಾಡು ಉಳಿಯುವುದಿಲ್ಲ. ಆಸ್ಪತ್ರೆಗೆ ಸೇರುವ ಮುನ್ನ, ಇದ್ದ ದನಿಯಲ್ಲೇ, ಮನೆಯ ಹಿಂದಿನ ಕೋಣೆಯಲ್ಲಿ ಅವಳು ತನ್ನ ಹಾಡುಗಳನ್ನೆಲ್ಲ ಹಾಡಿ ಮುಗಿಸಿದ್ದಳು. ಧ್ವನಿಮುದ್ರಣ ಮಾಡಿದ್ದು ಭಾವ. ಅವನು ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವವನು. ಗಿಟಾರ್ ಬಾರಿಸಿದ್ದು ಮನೆಯ ಹಳೇ ಸ್ನೇಹಿತ. ಅವನ ಮುಖದಲ್ಲಿ ಮೊದಲು ಕಾಣುವುದು ಮೀಸೆ, ಆದ್ದರಿಂದ ಹೆಸರೂ ಅದೇ.

ಈಗ ಅಕ್ಕನಿಗೆ ಉಳಿದಿದ್ದು ಪಿಸುಮಾತು. ಮತ್ತು ಆ ಕಂಪ್ಯೂಟರಿನಲ್ಲಿದ್ದ ಹಾಡುಗಳು.

ಅಕ್ಕನ ಸಂಸಾರ ಇದ್ದದ್ದು ಅಮ್ಮನ ಜೊತೆ, ಅದೇ ಮನೆಯಲ್ಲಿ. ಇನ್‌ಸ್ಪೆಕ್ಟರ್ ಚಪ್ಪಲಿ ಬಿಟ್ಟು ಒಳಗೆ ಬಂದಳು. ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಹಳೆಯ ಹಾಸಿಗೆ, ಕಂಬಳಿ. ಕಿಟಕಿಗೆ ದಪ್ಪ ಪರದೆ. ಸದ್ದು ಮಾಡುತ್ತದೆಂದು ಫ್ಯಾನ್ ಹಾಕಿಸಿರಲಿಲ್ಲ. ಹೊಕ್ಕ ಕೂಡಲೇ ಬೆನ್ನು ಬೆವತಿತು. ಮೊಳೆಗಳಿಗೆ ವೈರುಗಳ ಸುರುಳಿ, ಒಂದೊಂದಕ್ಕೂ ಬಟ್ಟೆಯ ಕಟ್ಟು, ಬಣ್ಣದ ಟೇಪು. ಪ್ರತಿಯೊಂದರ ಹಿಂದೆಯೂ ಅದೇ ಬಗೆಯ ಇನ್ನೊಂದು, ಕೆಟ್ಟರೆ ಇರಲೆಂದು. ಭಾವನ ಕೈ ಎಂದರೆ ಹಾಗೆ.

ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಚೌಕ. ‘ಅಪಾಯ ಪತ್ತೆಯಾಗಿದೆ. ತೆಗೆದುಹಾಕಲಾಗಿದೆ.’ ಪಕ್ಕದಲ್ಲಿ ಹಸಿರು ಟೇಪು ಸುತ್ತಿದ ಒಂದು ಪೆನ್‌ಡ್ರೈವ್ ಚುಚ್ಚಿಕೊಂಡಿತ್ತು.

ಭಾವ ಕುರ್ಚಿಯಲ್ಲಿ ಕುಸಿದು ಕುಳಿತಿದ್ದ. ಅಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

“ಅಳಿಯಂದ್ರೇ, ಆ ಕೋಟಾದ್ರೂ ಬಿಚ್ಚಿ. ಈ ಸೆಕೇಲಿ ಬೇಯ್ತಾ ಇದೀರಿ. ನೋಡಿದವರು ಯಾರದೋ ಮದುವೆಗೆ ಹೊರಟಿದೀರಿ ಅನ್ಕೋತಾರೆ.”

“ಇರ್ಲಿ ಅತ್ತೆ. ಮೈ ಯಾಕೋ ಚಳಿ ಚಳಿ.”

ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಏನಾಯ್ತು ಭಾವ?” ಇನ್‌ಸ್ಪೆಕ್ಟರ್ ಸ್ಟೂಲ್ ಎಳೆದುಕೊಂಡಳು. ನಾದಿನಿಯ ದನಿ. ಠಾಣೆಯದಲ್ಲ.

“ಬೆಳಿಗ್ಗೆ ಕಂಪ್ಯೂಟರ್ ಹಾಕಿದೆ. ಈ ಕೆಂಪು ಬಂತು. ನೋಡಿದ್ರೆ ಹಾಡಿಲ್ಲ. ಆಂಟಿವೈರಸ್ ತಿಂದ್ಹಾಕಿದೆ. ವೈರಸ್ ಹಿಡಿಯೋ ಭರದಲ್ಲಿ ಎಲ್ಲಾ ನುಂಗಿದೆ.”

“ಬೇರೆ ಕಡೆ ನಕಲು?”

“ಈ ಸಲ ಮಾಡಿರ್ಲಿಲ್ಲ. ಆಸ್ಪತ್ರೆ ಓಡಾಟ.”

ಅವಳ ಕಣ್ಣು ಗೋಡೆಯ ಜೋಡಿ ಜೋಡಿ ವೈರುಗಳ ಮೇಲೆ ಹೋಗಿ ಬಂತು.

“ನಮ್ಮ ಲ್ಯಾಬ್‌ಗೆ ಕೊಡೋಣ. ಅಳಿಸಿದ್ದನ್ನೂ ಎಷ್ಟೋ ಸಲ ಹೊರಗೆ ತೆಗೀತಾರೆ.”

ಭಾವನ ಮುಖ ಅರಳಬೇಕಿತ್ತು. ಅರಳಲಿಲ್ಲ.

“ಬೇಡ. ಹೋಗಿದ್ದು ಹೋಯ್ತು. ಅವಳಿಗೆ ಸುಮ್ನೆ ಆಸೆ ಹುಟ್ಟಿಸೋದು ಬೇಡ.”

ಮೌಸ್ ಹಿಡಿದು ಅವಳೇ ಹಾಡುಗಳ ಫೋಲ್ಡರ್ ತೆರೆದಳು. ಪೂರ್ತಿ ಖಾಲಿಯಿರಲಿಲ್ಲ. ಗಿಟಾರಿನ ಟ್ರ್ಯಾಕ್‌ಗಳು ಇದ್ದವು. ಹೆಸರಿಲ್ಲ, ಬರೀ ಸಂಖ್ಯೆ. ನಡುನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಕೆಲವು ಸಂಖ್ಯೆಗಳಿಲ್ಲ.

“ಇಲ್ಲದೇ ಇರೋದೆಲ್ಲ ಅಕ್ಕನ ದನೀದಾ?”

“ಹೂಂ.”

* * *

ಅಕ್ಕನ ಮಗಳನ್ನು ಮನೆಯಲ್ಲಿ ಕರೆಯುವುದು ಕಡ್ಡಿ ಎಂದು. ಸಣಕಲು, ಮತ್ತು ಗೀಚಿದರೆ ಸಾಕು ಹತ್ತಿಕೊಳ್ಳುತ್ತಾಳೆ. ಇಂದು ಒದ್ದೆಯಾದ ಕಡ್ಡಿ. ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಮೊಣಕಾಲಿಗೆ ಗಲ್ಲ ಊರಿ ಕುಳಿತಿದ್ದಳು.

“ಅಮ್ಮನ ಹತ್ರ ಹೋದ್ಯಾ?”

“ಯಾವ ಮುಖ ಹೊತ್ಕೊಂಡು ಹೋಗ್ಲಿ? ಆ ಆಂಟಿವೈರಸ್ಸನ್ನ ಆರಿಸಿ ತಂದಿದ್ದು ನಾನು.”

“ಅಪ್ಪ ಬೈದ್ರಾ?”

“ಬೈದಿದ್ರೆ ಚೆನ್ನಾಗಿರ್ತಿತ್ತು. ‘ಆಂಟಿವೈರಸ್ ತಿಂದ್ಹಾಕ್ತು’ ಅಂದ್ರು. ನಾನು ‘ಅದನ್ನ ತಂದಿದ್ದು ನಾನಲ್ವಾ’ ಅಂದೆ. ಅಪ್ಪ ನೆಲ ನೋಡಿದ್ರು.”

“ಸರಿ, ಅದನ್ನೇ ಯಾಕೆ ಆರಿಸಿದೆ? ಮೊದಲಿಂದ ಹೇಳು.”

ಕಡ್ಡಿ ಮೂಗು ಒರೆಸಿಕೊಂಡಳು. ಮೊದಲು ಆ ಕಂಪ್ಯೂಟರಿಗೆ ಆಂಟಿವೈರಸ್ಸೇ ಇರಲಿಲ್ಲ. ಒಮ್ಮೆ ಮೀಸೆ ತಂದ ಪೆನ್‌ಡ್ರೈವಿನಿಂದ ವೈರಸ್ ಹತ್ತಿ, ಯಂತ್ರ ತಿಣುಕಾಡಿತ್ತು. ಏನಾದರೂ ಹಾಕಿಸಲೇಬೇಕೆಂದು ಮನೆಯಲ್ಲಿ ಜಟಾಪಟಿ.

“ಮೀಸೆ ಮಾಮ, ‘ಏನೂ ಬೇಡ, ಇಂಟರ್‌ನೆಟ್ ವೈರ್ ಕಿತ್ತು ಬಿಸಾಕಿ, ಸಾಕು’ ಅಂದ. ಅಪ್ಪ ಅಂಗಡಿಯವನು ಹೊಗಳಿದ್ದನ್ನ ತರೋಕೆ ಹೊರಟಿದ್ರು. ಅದು ಆನೆ ಹಾಗೆ ಭಾರ, ಚಿಕ್ಕಮ್ಮ. ಹಿಂದೆ ಕೂತು ಒಂದೇ ಸಮ ಎಲ್ಲಾನೂ ತಡಕಾಡ್ತಾ ಇರುತ್ತೆ. ಬರೆಯೋ ಕೆಲಸಕ್ಕಾದ್ರೆ ಪರವಾಗಿಲ್ಲ. ಹಾಡು ಹಿಡೀತಿರೋ ಕಂಪ್ಯೂಟರಿಗೆ ಒಂದು ಕ್ಷಣ ಪುರಸೊತ್ತು ತಪ್ಪಿದ್ರೂ ದನೀಲಿ ತೂತು ಬೀಳುತ್ತೆ. ಟಿಕ್ ಅನ್ನುತ್ತೆ. ನಾನು ವಾರಗಟ್ಟಲೆ ಓದಿದೆ. ಹಗುರ ಇರೋದು ಬೇಕಿತ್ತು. ಮುಖ್ಯ ಅಂದ್ರೆ ‘ಈ ಫೋಲ್ಡರ್ ಮುಟ್ಬೇಡ’ ಅಂದ್ರೆ ಮುಟ್ಟಬಾರದು. ಕೆಲವು ಮಹಾ ಮೊಂಡು, ಹೇಳಿದ್ರೂ ಕೇಳಲ್ಲ. ಇದು ಕೇಳುತ್ತೆ. ಹೇಳದಿದ್ರೆ ಇದೂ ತಡಕಾಡುತ್ತೆ.”

“ಹೇಳಿದ್ಯಾ ಅದಕ್ಕೆ?”

“ನನಗೆ ಆ ಕಂಪ್ಯೂಟರ್ ಮುಟ್ಟೋಕೆ ಎಲ್ಲಿ ಬಿಡ್ತಾರೆ? ಹಾಕ್ಕೊಟ್ಟು ಎದ್ದೆ. ‘ಅಪ್ಪ, ಹಾಡು ಶುರು ಮಾಡೋ ಮುಂಚೆ ಸೆಟ್ಟಿಂಗ್ಸಲ್ಲಿ ಹಾಡಿನ ಫೋಲ್ಡರ್ ಸೇರಿಸಿಬಿಡಿ, ಒಂದು ನಿಮಿಷದ ಕೆಲಸ’ ಅಂತ ತೋರಿಸ್ಕೊಟ್ಟೆ. ‘ಹೂಂ ಹೂಂ, ನೀನು ಹುಟ್ಟೋ ಮುಂಚಿಂದ ಮೈಕ್ ಹಿಡಿದಿದೀನಿ’ ಅಂದ್ರು.”

“ಮಾಡಿದ್ರಾ?”

“ಮಾಡಿರ್ತಾರೆ.” ಕಡ್ಡಿಯ ದನಿ ಕುಗ್ಗಿತು. “ಮಾಡಿದ್ರೂ ಅದು ತಿಂದಿದೆ ಅಂದ್ರೆ ನಾನು ಆರಿಸಿದ್ದೇ ಸರಿಯಿಲ್ಲ ಅಂತ ತಾನೇ?”

* * *

ಹಸಿರು ಟೇಪಿನ ಪೆನ್‌ಡ್ರೈವ್ ಮೀಸೆಯದು. ನಿನ್ನೆ ಅವನು ಮನೆಗೆ ಬಂದಿದ್ದ. ಹೋಗುವಾಗ ಕೈಯಲ್ಲೊಂದು ಚೀಲವಿತ್ತು ಎಂದು ಅಮ್ಮ ನೆನಪಿಸಿಕೊಂಡಿದ್ದಳು. ಇನ್ನೂ ಒಂದು ಮಾತಿತ್ತು. ಆ ಹಾಡುಗಳ ರಾಗ ಅವನದು. ಅಕ್ಕನ ಮುದ್ರಣ ಇಲ್ಲವಾದರೆ ಬೇರೆ ಯಾರಿಂದಲಾದರೂ ಹಾಡಿಸಲು ಅಡ್ಡಿಯಿರಲಿಲ್ಲ.

ಮೀಸೆಯದು ವಾದ್ಯ ರಿಪೇರಿಯ ಅಂಗಡಿ. ಕತ್ತು ಮುರಿದ ಗಿಟಾರುಗಳು ಗೋಡೆಗೆ ಒರಗಿದ್ದವು. ಮೀಸೆಯೂ ಮನೆಯವನೇ ಎನ್ನಬಹುದು. ಆದರೆ ಅಂಗಡಿ ಹೊಸಲಿನ ಆಚೆ. ಇಲ್ಲಿ ಅವಳು ಮನೆಯ ದನಿ ಬಳಸಲಿಲ್ಲ.

“ನಿನ್ನೆ ಚೀಲದಲ್ಲಿ ಏನು ತಗೊಂಡು ಹೋದೆ?”

ಮೀಸೆ ಬೆಚ್ಚಿಬಿದ್ದ. “ಏನಮ್ಮ ಇದು, ಕಳ್ಳನ್ನ ಕೇಳಿದ ಹಾಗೆ? ನನ್ನ ಪೆಡಲ್ಲು. ಗಿಟಾರ್ ಬಾರಿಸುವಾಗ ಕಾಲಲ್ಲಿ ಒತ್ತೋದು. ಅಲ್ನೋಡು, ಬಿಚ್ಚಿ ಹಾಕಿದೀನಿ.”

ಬೆಂಚಿನ ಮೇಲೆ ಬಿಚ್ಚಿದ ಪೆಡಲ್ ಇತ್ತು.

“ಪೆನ್‌ಡ್ರೈವ್ ಯಾಕೆ ಹಾಕಿದೆ?”

“ಯಾವ್ದು?”

“ಹಸಿರು ಟೇಪಿಂದು.”

“ಅದನ್ನ ನಿನ್ನ ಭಾವ ನನ್ನಿಂದ ಕಿತ್ಕೊಂಡು ಎಷ್ಟು ಕಾಲ ಆಯ್ತು! ವೈರಸ್ ಹತ್ತಿತ್ತಲ್ಲ, ಅವತ್ತೇ. ‘ಇನ್ನು ಇದು ನಿನ್ನ ಕೈಗೆ ಸಿಗಲ್ಲ’ ಅಂತ ಡ್ರಾಯರಲ್ಲಿ ಹಾಕಿ ಬೀಗ ಹಾಕಿದ. ಬೀಗದ ಕೈ ಅವನ ಹತ್ರಾನೇ ಇರೋದು.”

“ನಿನ್ನೆ ಯಾಕೆ ಕರೆದಿದ್ರು?”

“ಒಂಚೂರು ಬಾರಿಸು ಅಂದ. ಬಾರಿಸ್ದೆ. ಮುಗಿದ ಮೇಲೆ ಹೆಡ್‌ಫೋನ್ ನನ್ನ ಕಿವಿಗೆ ತುರುಕಿ, ‘ಟಿಕ್ ಅನ್ನುತ್ತಾ? ಸರಿಯಾಗಿ ಕೇಳು, ಎಲ್ಲಾದ್ರೂ ಟಿಕ್ ಅನ್ನುತ್ತಾ?’ ಅಂತ ಪ್ರಾಣ ತಿಂದ. ಬೆಣ್ಣೆ ಹಾಗಿತ್ತು. ಹಾಗಂದ್ರೆ ಸಂತೋಷ ಪಡೋದು ಬಿಟ್ಟು ತಲೆ ಮೇಲೆ ಕೈ ಹೊತ್ಕೊಂಡ. ಹೆಂಡ್ತಿ ಚಿಂತೆ ಅನ್ಕೊಂಡು ಸುಮ್ನೆ ಬಂದೆ.”

ಇನ್‌ಸ್ಪೆಕ್ಟರ್ ಬಾಗಿಲಲ್ಲಿ ತಿರುಗಿದಳು. “ಹಾಡು ಮುದ್ರಿಸುವಾಗ ಗಿಟಾರಿಗೂ ಮೈಕ್ ಇಟ್ಟಿದ್ರಾ?”

“ಇಲ್ಲ, ನೇರ ವೈರು. ಅವಳ ದನಿ ಬೇರೆ ಟ್ರ್ಯಾಕು, ನನ್ನದು ಬೇರೆ. ಹಾಡಿದ್ದು ಬಾರಿಸಿದ್ದು ಮಾತ್ರ ಒಟ್ಟಿಗೇ.”

* * *

ಅಕ್ಕ ದಿಂಬಿಗೆ ಒರಗಿ ಕುಳಿತಿದ್ದಳು. ಕತ್ತಿಗೆ ಹತ್ತಿಯ ಬಟ್ಟೆ. ಪಿಸುಮಾತು ಕೇಳಲು ಹತ್ತಿರ ಬಗ್ಗಬೇಕಿತ್ತು.

“ಹಾಡು ಹೇಗೆ ಬಂದಿತ್ತು ಅಕ್ಕ? ಕೇಳಿದ್ಯಾ?”

ಅಕ್ಕ ತಲೆಯಲ್ಲಾಡಿಸಿದಳು. “ಒಂದೂ ಕೇಳಿಲ್ಲ ಕಣೇ. ಎಲ್ಲ ಮುಗಿಯೋವರೆಗೂ ಕೇಳಬಾರದು, ಅದು ನನ್ನ ನಿಯಮ. ಕೇಳಿದ್ರೆ ಮುಂದಿನ ಹಾಡಿಗೆ ಹೆದರಿಕೆ ಹತ್ತುತ್ತೆ.”

“ಭಾವ?”

“ಅವರಿಗೂ ಬಿಡ್ತಿರ್ಲಿಲ್ಲ. ಅವರ ಮುಖ ನೋಡಿದ್ರೆ ನನಗೆ ಗೊತ್ತಾಗಿಬಿಡುತ್ತಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಕೂತು ಕೇಳೋದು ಅಂತ ಇತ್ತು. ‘ಮೊದಲು ನಾನು ಸ್ವಲ್ಪ ಸರಿ ಮಾಡ್ತೀನಿ’ ಅಂತ ಮೊನ್ನೆ ಒಬ್ಬರೇ ಕೂತಿದ್ರು.” ಅವಳು ಉಸಿರು ತೆಗೆದುಕೊಂಡಳು. ತಂಗಿಯ ಮಣಿಕಟ್ಟು ಹಿಡಿದಳು. “ಹಾಡು ಹೋದ್ರೆ ಹೋಗ್ಲಿ. ಮಗಳು ಬೆಳಿಗ್ಗೆಯಿಂದ ಈ ಬಾಗಿಲಿಗೇ ಬಂದಿಲ್ಲ. ಕೂಗೋಣ ಅಂದ್ರೆ ನನಗೆ ದನಿಯಿಲ್ಲ.”

ಇನ್‌ಸ್ಪೆಕ್ಟರ್ ಎದ್ದಳು. ನೇರವಾಗಿ ಹಿಂದಿನ ಕೋಣೆಗೆ. ಭಾವ ಅಂಗಳದಲ್ಲಿದ್ದ. ಕೋಟು ಮೈಮೇಲೇ ಇತ್ತು.

ಹೆಡ್‌ಫೋನ್ ಹಾಕಿಕೊಂಡು ಮೀಸೆಯ ಗಿಟಾರ್ ಟ್ರ್ಯಾಕ್ ಒಂದನ್ನು ಒತ್ತಿದಳು. ಶಸ್ತ್ರಚಿಕಿತ್ಸೆಗೆ ಮುಂಚಿನದು. ಚೆಂದದ ಬೆರಳು. ಸ್ವಲ್ಪ ಹೊತ್ತಿಗೆ, ಟಿಕ್. ಮತ್ತೆ ಟಿಕ್. ಒಣಗಿದ ಕಡ್ಡಿ ಮುರಿದ ಹಾಗೆ. ಇನ್ನೊಂದು ಹಾಡು. ಅದರಲ್ಲೂ. ಎಲ್ಲದರಲ್ಲೂ.

ಕೊನೆಯದನ್ನು ಒತ್ತಿದಳು. ನಿನ್ನೆಯದು. ಬೆಣ್ಣೆ.

ಆಮೇಲೆ ಆಂಟಿವೈರಸ್ಸಿನ ಸೆಟ್ಟಿಂಗ್ಸ್ ತೆರೆದಳು. ಮುಟ್ಟಬಾರದ ಫೋಲ್ಡರುಗಳ ಜಾಗದಲ್ಲಿ ಒಂದೇ ಒಂದು ಇತ್ತು. ಅಕ್ಕನ ಹಾಡುಗಳದ್ದು.

ಅವಳು ಹೆಡ್‌ಫೋನ್ ತೆಗೆದು ಮೊಳೆಗೆ ಹಾಕಿದಳು. ಬಾಗಿಲಲ್ಲಿ ಅಮ್ಮ. ಮಗಳ ಮುಖ ನೋಡಿದಳು. ಅವಳಿಗೆ ಅಷ್ಟೇ ಸಾಕಾಗಿತ್ತು.

“ಬೇಡ,” ಅಂದಳು ಅಮ್ಮ. “ಮಾತು ಕೊಟ್ಟಿದೀಯ.”

“ಹೌದಮ್ಮ.”

“ಮನೆ ಅಂದ್ಮೇಲೆ ಇರುತ್ತೆ. ನಾಳೆ ಎಲ್ಲ ಮರೆತು ಹೋಗುತ್ತೆ.”

“ಕಡ್ಡಿ ಮರೀತಾಳಾ? ಅಮ್ಮನ ದನಿ ತಾನೇ ಕೊಂದೆ ಅಂತ ಜೀವನಪೂರ್ತಿ ಅನ್ಕೊಂಡಿರ್ತಾಳೆ.”

ಅಮ್ಮ ಚೌಕಟ್ಟು ಹಿಡಿದುಕೊಂಡೇ ನಿಂತಳು. ದಾರಿಯನ್ನೂ ಬಿಡಲಿಲ್ಲ, ತಡೆಯಲೂ ಇಲ್ಲ. ಇನ್‌ಸ್ಪೆಕ್ಟರ್ ಪಕ್ಕದಿಂದ ನುಸುಳಿ ಹೊರಗೆ ಬಂದಳು.

* * *

ಎಲ್ಲರನ್ನೂ ಅಕ್ಕನ ಕೋಣೆಗೆ ಕರೆದಳು. ಮೀಸೆಗೂ ಫೋನ್ ಮಾಡಿದಳು. ಅವನು ಕೈಗೆ ಅಂಟಿದ ಗೋಂದನ್ನು ಉಜ್ಜುತ್ತಲೇ ಬಂದ. ಕಡ್ಡಿ ಒಳಗೆ ಬರಲಿಲ್ಲ. ಬಾಗಿಲ ಮರೆಯಲ್ಲಿ ಅವಳ ಅರ್ಧ ಪಾದ ಮಾತ್ರ ಕಾಣುತ್ತಿತ್ತು.

“ಭಾವ. ಎದ್ದು ನಿಂತ್ಕೊಳ್ಳಿ.”

ಆ ದನಿಯನ್ನು ಆ ಮನೆ ಹಿಂದೆಂದೂ ಕೇಳಿರಲಿಲ್ಲ. ಭಾವ ಎದ್ದು ನಿಂತ.

“ಇಷ್ಟು ಬೆವರಿದ್ರೂ ಬಿಚ್ಚದ ಆ ಕೋಟಿನ ಒಳಜೇಬಲ್ಲಿ ಇರೋದನ್ನ ಮೇಜಿನ ಮೇಲೆ ಇಡಿ.”

“ಏನು ಮಾತಾಡ್ತಿದೀಯ ನೀನು? ಅತ್ತೆ, ನೋಡಿ ಇವಳನ್ನ.”

ಅಮ್ಮ ಗೋಡೆ ನೋಡಿದಳು.

“ವೈರಸ್‌ಗೆ ಕಿವಿಯಿಲ್ಲ ಭಾವ. ಆಂಟಿವೈರಸ್‌ಗೂ ಇಲ್ಲ. ಆ ಫೋಲ್ಡರಲ್ಲಿ ಯಾವುದಕ್ಕೂ ಹೆಸರಿಲ್ಲ, ಬರೀ ಸಂಖ್ಯೆ. ಗಿಟಾರ್ ಒಂದನ್ನೂ ಮುಟ್ಟದೆ ಅಕ್ಕನ ದನಿ ಮಾತ್ರ ಆರಿಸಿ ಆರಿಸಿ ತೆಗೆಯೋಕೆ ಕಿವಿ ಬೇಕು. ಯಾವುದು ಯಾವುದು ಅಂತ ಗೊತ್ತಿರಬೇಕು.”

“ಮೀಸೆ ಪೆನ್‌ಡ್ರೈವ್...”

“ಡ್ರಾಯರಲ್ಲಿ ಬೀಗ ಹಾಕಿ ಇಟ್ಟಿದ್ದು ನೀವು. ಇವತ್ತು ಹೊರಗೆ ತೆಗೆದು ಚುಚ್ಚಿದ್ದೂ ನೀವೇ. ಹಳೇ ವೈರಸ್ ಅದರಲ್ಲೇ ಇತ್ತು, ಆಂಟಿವೈರಸ್ ಅದನ್ನ ಹಿಡೀತು, ಕೆಂಪು ಚೌಕ ಬಂತು. ನಿಮಗೆ ಬೇಕಿದ್ದಿದ್ದು ಅಷ್ಟೇ.”

ಮೀಸೆ ಬಾಯಿ ತೆರೆದ. “ಅಯ್ಯೋ ಪಾಪಿ. ನನ್ನ ಮೇಲೆ ಹಾಕೋಕೆ ಹೊರಟಿದ್ಯಾ?”

“ನಿನ್ನ ಮೇಲಲ್ಲ, ಸುಮ್ನಿರು.” ಅವಳು ಭಾವನ ಮುಖದಿಂದ ಕಣ್ಣು ತೆಗೆಯಲಿಲ್ಲ. “ಒಂದೊಂದು ವೈರಿಗೂ ಜೋಡಿ ಇಡೋರು ನೀವು. ಈ ಹಾಡುಗಳಿಗೆ ನಕಲು ಮಾಡ್ಲಿಲ್ಲ ಅಂದ್ರಿ. ಲ್ಯಾಬ್‌ಗೆ ಕೊಡೋಣ ಅಂದೆ, ಬೇಡ ಅಂದ್ರಿ. ಬೆಳಿಗ್ಗೆಯಿಂದ ನೀವು ಒಂದು ಸಲವೂ ಹುಡುಕಲಿಲ್ಲ ಭಾವ. ನಮ್ಮ ಮನೇಲಿ ಒಂದು ಸಾಕ್ಸ್ ಕಳೆದ್ರೂ ನಾನು ಮಂಚದ ಕೆಳಗೆ ತೂರ್ತೀನಿ.”

ಭಾವನ ಕೈ ಕೋಟಿನ ಎದೆಯ ಮೇಲೆ ಹೋಯಿತು. ಹಾಗೇ ಕೆಳಗಿಳಿಯಿತು.

“ಕೊನೇದಾಗಿ ಆಂಟಿವೈರಸ್. ಹಾಡಿನ ಫೋಲ್ಡರ್ ಮುಟ್ಟಬೇಡ ಅಂತ ಅದಕ್ಕೆ ಯಾರೋ ಹೇಳಿದಾರೆ. ಕಡ್ಡಿ ಆರಿಸಿದ್ದು ಹೇಳಿದ ಮಾತು ಕೇಳುತ್ತೆ. ಮುಟ್ಟದೇ ಇರೋದನ್ನ ಅದು ಹೇಗೆ ತಿನ್ನುತ್ತೆ?”

ಬಾಗಿಲ ಮರೆಯ ಪಾದ ಅಲುಗಿತು.

“ಹಾಗೆ ಹೇಳಿದ್ದು ನೀವೇ. ಆದರೆ ಯಾವಾಗ? ಹಾಡೋ ಮುಂಚೆ ಅಲ್ಲ. ಆಗಿನ ಗಿಟಾರಲ್ಲೆಲ್ಲ ಟಿಕ್ ಟಿಕ್ ಇದೆ, ನಾನು ಕೇಳ್ದೆ. ಅದರ ಜೊತೆಗೇ ಹಿಡಿದ ಅಕ್ಕನ ದನೀಲೂ ಇರಲೇಬೇಕು. ನಿನ್ನೆದರಲ್ಲಿ ಇಲ್ಲ. ಹಾಡುವಾಗ ಹೆಡ್‌ಫೋನಿಗೆ ದನಿ ಮೈಕಿಂದ ನೇರ ಬರುತ್ತೆ, ಕಂಪ್ಯೂಟರ್ ಒಳಗೆ ಏನಾಯ್ತು ಅನ್ನೋದು ಆಮೇಲೆ ಕೇಳಿದ್ರೇ ಗೊತ್ತಾಗೋದು. ಅಕ್ಕ ಕೇಳೋಕೆ ಬಿಡ್ತಿರ್ಲಿಲ್ಲ. ಮೊನ್ನೆ ಕೂತು ಕೇಳಿದ್ರಿ. ಮಗಳು ಹೇಳಿದ ಒಂದು ನಿಮಿಷದ ಕೆಲಸ ಮಾಡಿಲ್ಲ ಅಂತ ಆಗ ಗೊತ್ತಾಯ್ತು. ಗೊತ್ತಾದ ತಕ್ಷಣ ಸರಿ ಮಾಡಿದ್ರಿ. ಮೀಸೆನ ಕರೆಸಿ ಪರೀಕ್ಷೆನೂ ಮಾಡಿದ್ರಿ. ಯಂತ್ರ ಕೆಟ್ಟಿದ್ರೆ ನಿಮ್ಮ ಕೈ ಸಹಿಸಲ್ಲ. ಆ ಕೈಯೇ ನಿಮ್ಮನ್ನ ಹಿಡ್ಕೊಟ್ಟಿದ್ದು.”

ಭಾವ ಕೋಟಿನ ಒಳಗೆ ಕೈ ಹಾಕಿದ. ಒಂದು ಚಿಕ್ಕ ಹಾರ್ಡ್ ಡಿಸ್ಕ್. ಕರ್ಚೀಫಿನಲ್ಲಿ ಸುತ್ತಿತ್ತು. ಮೇಜಿನ ಮೇಲಿಟ್ಟ.

“ಅಳಿಸೋಕೆ ಕೈ ಬರಲಿಲ್ಲ,” ಅಂದ. “ಎಲ್ಲೂ ಇಡೋಕೂ ಧೈರ್ಯ ಬರಲಿಲ್ಲ. ಅವಳ ಕೊನೇ ದನಿ. ತಿರುಗಿ ಹಾಡಿಸೋ ಹಾಗಿಲ್ಲ. ನಾನು ಹಾಳು ಮಾಡ್ದೆ ಅಂತ ಹೇಳೋದಕ್ಕಿಂತ ವೈರಸ್ ತಿಂತು ಅಂದ್ರೆ ಯಾರ ತಪ್ಪೂ ಅಲ್ಲ ಅನ್ಕೊಂಡೆ.”

“ಯಾರ ತಪ್ಪೂ ಅಲ್ಲವಾ?” ಇನ್‌ಸ್ಪೆಕ್ಟರ್ ಬಾಗಿಲಿನತ್ತ ಕೈ ತೋರಿಸಿದಳು.

“ನಾನು ಅವಳ ಹೆಸರು ಹೇಳ್ಲಿಲ್ಲ.”

“ಸುಮ್ನಿದ್ರಿ.”

ಭಾವ ಕುಳಿತುಬಿಟ್ಟ.

ಅಕ್ಕ ಮೇಜಿನತ್ತ ಬೆರಳು ತೋರಿಸಿದಳು. ಮೀಸೆ ಹಿಂದಿನ ಕೋಣೆಯಿಂದ ಸ್ಪೀಕರ್ ಹೊತ್ತು ತಂದ. ಲ್ಯಾಪ್‌ಟಾಪ್ ತಂದ. ವೈರು ಚುಚ್ಚಿದ. ಗುಂಡಿ ಒತ್ತಿದ.

ಅಕ್ಕನ ದನಿ ಕೋಣೆಗೆ ಬಂತು. ಸ್ವಲ್ಪ ಒರಟು, ಸ್ವಲ್ಪ ದಣಿದದ್ದು, ಆದರೆ ಅವಳದೇ. ನಡುನಡುವೆ ಟಿಕ್. ಪ್ರತಿ ಟಿಕ್‌ಗೂ ಭಾವನ ಭುಜ ಕುಗ್ಗುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಹಾಡು ಮುಗಿಯಿತು.

“ಎರಡನೇ ಚರಣದಲ್ಲಿ ಉಸಿರು ಚೆನ್ನಾಗಿ ನಿಂತಿದೆ,” ಪಿಸುಗುಟ್ಟಿದಳು.

“ಟಿಕ್ ಅನ್ನುತ್ತೆ ಕಣೇ,” ಅಂದ ಭಾವ.

“ಅನ್ಲಿ ಬಿಡಿ. ನನ್ನ ಕತ್ತಲ್ಲೂ ಹೊಲಿಗೆ ಇದೆ. ನನ್ನ ಬಿಸಾಕ್ತೀರಾ?”

ಮೀಸೆ ಮೀಸೆಯನ್ನೇ ಕಚ್ಚಿಕೊಂಡು ಗೊಣಗಿದ: “ಒಂದೊಂದೇ ಟಿಕ್ಕನ್ನ ಕೈಯಲ್ಲಿ ತಿದ್ದಬಹುದು. ಎಲ್ಲಾ ಹೋಗಲ್ಲ. ಮುಕ್ಕಾಲು ಹೋಗುತ್ತೆ. ತಿಂಗಳುಗಟ್ಟಲೆ ಕಣ್ಣು ನೆಟ್ಟು ಕೂರಬೇಕು, ಅಷ್ಟೇ.”

“ಅದು ಆಮೇಲೆ,” ಅಕ್ಕ ಗಂಡನನ್ನು ನೋಡಿದಳು. “ಮೊದಲು ಅವಳ ಹತ್ರ ಹೋಗಿ.”

ಭಾವ ಎದ್ದ. ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. ಅಂಗಿ ಬೆನ್ನಿಗೆ ಅಂಟಿತ್ತು. ಬಾಗಿಲಿಗೆ ಹೋಗಿ ಮಗಳ ಎದುರು ನಿಂತ.

“ತಪ್ಪು ನನ್ನದು ಕಣಮ್ಮ. ನೀನು ಆರಿಸಿದ್ದು ಸರಿಯಾಗೇ ಇತ್ತು.”

“ಇವತ್ತು ನನ್ನ ಮಾತಾಡಿಸ್ಬೇಡಿ ಅಪ್ಪ,” ಅಂದಳು ಕಡ್ಡಿ. ಅವನ ಪಕ್ಕದಿಂದ ದಾಟಿ ಒಳಗೆ ಬಂದಳು. ಅಮ್ಮನ ಮಂಚದ ಮೇಲೆ ಹತ್ತಿ, ಹೊಲಿಗೆಗೆ ತಾಗದ ಹಾಗೆ, ಭುಜಕ್ಕೆ ತಲೆಯಿಟ್ಟಳು.

* * *

ಇನ್‌ಸ್ಪೆಕ್ಟರ್ ಚಪ್ಪಲಿ ಮೆಟ್ಟುತ್ತಿದ್ದಳು. ಅಮ್ಮ ಹಿಂದೆ ಬಂದು ನಿಂತಳು. ಒಳಗೆ ಎರಡನೆಯ ಹಾಡು ಶುರುವಾಗಿತ್ತು.

“ಊಟ ಮಾಡ್ಕೊಂಡು ಹೋಗೇ.”

“ಮಗ ಶಾಲೆಯಿಂದ ಬರ್ತಾನಮ್ಮ.”

“ಅಳಿಯಂದಿರು ಇನ್ನು ನಿನ್ನ ಮುಖ ನೋಡ್ತಾರೋ ಇಲ್ವೋ.”

“ಗೊತ್ತಿಲ್ಲ.”

ಇನ್‌ಸ್ಪೆಕ್ಟರ್ ಗೇಟು ಹಾಕಿಕೊಂಡು ಬೀದಿಗೆ ಇಳಿದಳು.

ಅಮ್ಮನಿಗೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.